ಒತ್ತುವರಿ

ನಕ್ಷೆ, ಟೇಪು, ಮೂರು ಕಾಲಿನ ದುರ್ಬೀನು ಹೊತ್ತು
ಕವಾಕ್‌ದೆರೆಗೆ ನಾನು ಹೋದದ್ದು ಅಕ್ಟೋಬರಿನ ಕೊನೆಗೆ.
ಅರ್ಜಿ ಸಂಖ್ಯೆ ನಲವತ್ತೊಂದು. ಅರ್ಜಿದಾರಳು ಹುಸ್ನಿಯೆ,
ಅರವತ್ತೆಂಟು, ವಿಧವೆ.
ತಕರಾರು: ಒಂದು ಅಕ್ರೋಟು ಮರ.

"ಅಳೆಯುವ ಮುಂಚೆ ಒಳಗೆ ಬಾ" ಅಂದಳು.
ಅಡುಗೆಮನೆಯ ಬಡಗಣ ಕಿಟಕಿ, ಗಾಜು ಹೋಗಿ ಬರೀ ಚೌಕಟ್ಟು.
"ನಲವತ್ತಾರು ವರ್ಷ ಇಲ್ಲೇ ನಿಂತು ಪಾತ್ರೆ ತೊಳೆದೆ.
ಮರ ನಟ್ಟನಡುವೆ ಇತ್ತು, ಕಟ್ಟು ಹಾಕಿಸಿದ ಪಟದ ಹಾಗೆ.
ಈಗ ನೋಡು."
ನೋಡಿದೆ. ಕಿಟಕಿ ತುಂಬ ಆಕಾಶ.
ಕತ್ತು ಚಾಚಿ ಬಲಕ್ಕೆ ಹೊರಳಿದರೆ ಒಂದು ಕೊಂಬೆ,
ಸಾಲ ಕೇಳಲು ಬಂದು ಬಾಗಿಲಾಚೆ ನಿಂತ ನೆಂಟನ ಹಾಗೆ.

ತೋಟಕ್ಕಿಳಿದೆ.
ತೆಂಕಲಿಂದ ನೆಟ್ಟಗೆ ಬಂದ ಕಲ್ಲುಗೋಡೆ
ಹುಲ್ಲಿನ ನಡುವೆ ಥಟ್ಟನೆ ನಿಂತಿದೆ.
ಅಲ್ಲಿ ನೆಲ ಉಬ್ಬಿದೆ, ಅಡಿಯಲ್ಲಿ ಹೆಗ್ಗಣವೊಂದು
ಊರಿಂದೂರಿಗೆ ಓಡಿದ ಹಾಗೆ.
ಗೋಡೆ ಮತ್ತೆ ಶುರುವಾಗುವುದು ನಾಲ್ಕು ಮೀಟರ್ ಬಲಕ್ಕೆ,
ಏನೂ ಆಗಲೇ ಇಲ್ಲವೆಂಬಂತೆ, ಪಾಚಿಯ ಸಮೇತ.

ನಕ್ಷೆಯ ಗೆರೆ ಮಾತ್ರ ಇನ್ನೂ ನೇರ.
ಗೆರೆಯ ಪ್ರಕಾರ ಮರ ಪಕ್ಕದ ಸತಿಲ್ಮಿಶನದು.
ಗೋಡೆಯ ಪ್ರಕಾರ ಇವಳದು.
ಹೊಳೆ ಪಾತ್ರ ಬದಲಿಸಿದರೆ ಏನೆಂದು ಕಾನೂನಿನಲ್ಲಿದೆ.
ನೆಲವೇ ಒತ್ತುವರಿ ಮಾಡಿದರೆ
ಸಮನ್ಸು ಕಳಿಸುವುದು ಯಾವ ವಿಳಾಸಕ್ಕೆ?

ತರಬೇತಿಯಲ್ಲಿ ನಮ್ಮ ಮೇಷ್ಟ್ರು ಒಂದು ಒದ್ದೆ ಕಲ್ಲಂಗಡಿ ಬೀಜವನ್ನು
ಎರಡು ಬೆರಳಲ್ಲಿ ಹಿಡಿದು ಒತ್ತಿ ತೋರಿಸುತ್ತಿದ್ದರು:
ಈ ಬೆರಳು ಅರೇಬಿಯಾ, ಇದು ಯುರೇಷಿಯಾ,
ಚಿಮ್ಮಿ ಪಡುವಲಿಗೆ ಜಾರುವುದು ನಮ್ಮ ಅನಾತೋಲಿಯಾ.
ಬೀಜ ಪ್ರತಿಸಲವೂ ಕಿಟಕಿಯಾಚೆ ಬೀಳುತ್ತಿತ್ತು.
ಆ ಪಡುವಲ ಕೊನೆಯಲ್ಲಿ, ಸಮುದ್ರದ ಅಡಿಗೆ,
ಆಫ್ರಿಕಾದ ಅಂಚು ನಮ್ಮ ಕೆಳಗೆ ತೂರಿ ಮುಳುಗುತ್ತದಂತೆ;
ಮುಳುಗುವಾಗ ಬಿಟ್ಟ ನೀರು ಆಳದ ಬಿಸಿಬಂಡೆಗೆ ಸೋಕಿ
ಬಂಡೆ ಕರಗಿ ಮೇಲೆದ್ದು
ದ್ವೀಪಗಳ ಬಾಯಲ್ಲಿ ಬೆಂಕಿಯಾಗುತ್ತದಂತೆ.
ಅಲ್ಲಿಯ ಹೊಗೆ, ಇಲ್ಲಿಯ ಗೋಡೆ,
ಎರಡೂ ಒಂದೇ ಖಾತೆ.

ವರ್ಷಕ್ಕೊಂದು ಹೆಬ್ಬೆರಳ ಅಗಲ, ಅಷ್ಟೇ ಲೆಕ್ಕ.
ಆದರೆ ಸಂದಿನ ಕಲ್ಲು ಕಲ್ಲನ್ನು ಬಿಡಲಿಲ್ಲ.
ಇನ್ನೂರು ವರ್ಷದ ಬಾಕಿ
ಬೇಸಿಗೆಯ ಒಂದು ರಾತ್ರಿ
ಮುಕ್ಕಾಲು ನಿಮಿಷದಲ್ಲಿ ಚುಕ್ತಾ.

ಸತಿಲ್ಮಿಶ್ ತಡವಾಗಿ ಬಂದ. ಗಡ್ಡ ಬೆಳೆದಿತ್ತು.
ಮೈಮೇಲೆ ಬಸ್ ಕಂಪನಿಯ ಹೆಸರಿದ್ದ ಹರೆಯದವರ ಕೋಟು.
"ಮಗನದು" ಅಂದ, ನಾನು ಕೇಳದೆಯೇ.
"ಪೇಟೆಯಲ್ಲಿ ಐದನೇ ಮಹಡಿ, ಬಾಡಿಗೆಗಿದ್ದ.
ಐದನೇ ಮಹಡಿ ಈಗ ನೆಲಮಟ್ಟ."
ಟೇಪಿನ ಆ ತುದಿ ಹಿಡಿಯೆಂದೆ. ಹಿಡಿದ.
ಬಹಳ ಹೊತ್ತಿನ ಮೇಲೆ ಅವನೇ ಕೇಳಿದ:
"ಮರ ಆಚೆ ಹೋಯಿತೋ, ಇವಳ ಅಡುಗೆಮನೆ ಈಚೆ ಬಂತೋ?"
ನನ್ನ ದುರ್ಬೀನಿಗೂ ಗೊತ್ತಿರಲಿಲ್ಲ.
ಅದು ನಿಂತದ್ದೂ ಅದೇ ನೆಲದ ಮೇಲೆ.

ಚಹಾ ಕೊಡುವಾಗ ಹುಸ್ನಿಯೆ ಪಿಸುಗುಟ್ಟಿದಳು:
"ಮರ ಯಾರಿಗೆ ಬೇಕು ಮಗನೇ?
ಎರಡು ತಿಂಗಳಿಂದ ಅವನು ಹೊಸ್ತಿಲು ದಾಟಿರಲಿಲ್ಲ.
ಕರೆದರೆ ಓಗೊಡುತ್ತಿರಲಿಲ್ಲ.
ಸರ್ಕಾರದ ನೋಟಿಸು ಬಂದರೆ ಬರಲೇಬೇಕಲ್ಲ."

ಷರಾ ಕಾಲಂನಲ್ಲಿ ಏನು ಬರೆದೆನೆಂದು ಈಗ ನೆನಪಿಲ್ಲ.
ಗೆರೆಯನ್ನು ಪೆನ್ಸಿಲ್ಲಿನಲ್ಲಿ ಎಳೆದದ್ದು ನೆನಪಿದೆ.

ಹೊರಡುವಾಗ ಅವನು ಗೋಡೆಯ ಮುರುಕಿನ ಮೇಲೆ ಕೂತಿದ್ದ,
ಅವಳು ಉಡಿಯಲ್ಲಿ ತಂದು ಸುರಿದ ಅಕ್ರೋಟಿನ ಎದುರು.
ಎರಡನ್ನು ಒಂದೇ ಮುಷ್ಟಿಯಲ್ಲಿಟ್ಟು ಒತ್ತಿದ.
ಗೆಣ್ಣು ಬೆಳ್ಳಗಾಯಿತು. ಏನೂ ಆಗಲಿಲ್ಲ.
ಏನೂ ಆಗಲಿಲ್ಲ.
ಆಮೇಲೆ ಟಪ್ಪೆಂದಿತು.
ಒಡೆದದ್ದು ಒಂದೇ.
ಅದರ ಅರ್ಧ ಅವಳಿಗೆ ಕೊಟ್ಟ.